ಆರು ಹೆಜ್ಜೆ

ಲೋಕೇಶ ಊಟ ಮಾಡುವುದನ್ನು ತಿಮ್ಮೇಶ ನೋಡುತ್ತಿದ್ದ. ಎದುರು ಪಂಕ್ತಿಯಲ್ಲಿ, ನಾಲ್ಕು ಎಲೆ ಆಚೆಗೆ ಕೂತಿದ್ದ ಅವನು ಅನ್ನವನ್ನು ಗುಡ್ಡೆ ಮಾಡಿ, ನಡುವೆ ಹೆಬ್ಬೆರಳಲ್ಲಿ ಕುಳಿ ತೆಗೆದು, ಸಾರು ಬರುವ ತನಕ ಕೈ ಎತ್ತಿ ಹಿಡಿದು ಕಾದು, ಬಂದ ಸಾರು ಆಚೆ ಹರಿಯದಂತೆ ಅನ್ನದಿಂದಲೇ ಒಡ್ಡು ಕಟ್ಟಿದ. ಆ ನಿಧಾನವೇ ತಿಮ್ಮೇಶನಿಗೆ ಸಹಿಸಲಾಗಲಿಲ್ಲ. ಇಪ್ಪತ್ತು ವರ್ಷದ ಕೆಳಗೆ ಒಂದು ಮನೆಯ ಮಾನ ತೆಗೆದು ಹೋದವನು ಇಷ್ಟು ನೆಮ್ಮದಿಯಾಗಿ ಉಣ್ಣುತ್ತಾನಲ್ಲ, ಒಂದು ತುತ್ತಾದರೂ ಇವನ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲವಲ್ಲ ಅನ್ನಿಸಿ, ತನ್ನ ಎಲೆಯ ಮೇಲಿನದು ತಣ್ಣಗಾಗಿದ್ದೂ ಅವನಿಗೆ ತಿಳಿಯಲಿಲ್ಲ. ಲೋಕೇಶನ ಮುಂದಲೆಯ ಕೂದಲು ಉದುರಿತ್ತು, ಕುತ್ತಿಗೆ ದಪ್ಪವಾಗಿತ್ತು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ನಾಗಮಂಗಲದ ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ವಿಭಾಗ ಪತ್ರ ಬರೆಯುವವನ ಎರಡು ಪೆನ್ನು. ತಟ್ಟನೆ ಅವನು ತಲೆಯೆತ್ತಿ, ತಿಮ್ಮೇಶನ ಕಣ್ಣು ತನ್ನ ಮೇಲಿರುವುದನ್ನು ಕಂಡು, ಯಾರಿಗಾದರೂ ನಗುವ ಹಾಗೆ ನಕ್ಕು, ಬಡಿಸುವವನನ್ನು ಕರೆದು, “ಅವ್ರಿಗೆ ಹಪ್ಪಳ ಬಂದಿಲ್ಲ ನೋಡಪ್ಪ” ಎಂದ. ಹಪ್ಪಳ ಎಲೆಗೆ ಬಂತು. ಅದನ್ನು ತಿನ್ನಬಾರದು ಅಂದುಕೊಂಡೇ ತಿಮ್ಮೇಶ ತಿಂದ. ಹಲ್ಲಿನ ನಡುವೆ ಅದು ಮುರಿದ ಸದ್ದು ಇಡೀ ಪಂಕ್ತಿಗೇ ಕೇಳಿಸಿತೇನೋ ಅನ್ನಿಸಿತು.

ಶ್ರೀರಂಗಪಟ್ಟಣದ ಕೋಟೆಯ ಹೊರಗಿನ ಆ ಕಲ್ಯಾಣ ಮಂಟಪದಲ್ಲಿ ನಾಲ್ಕು ತಾಲ್ಲೂಕಿನ ಚೆಸ್ ಬಳಗಗಳ ಪಂದ್ಯ ಹಿಂದಿನ ದಿನದಿಂದ ನಡೆದಿತ್ತು. ಆಡುವವರೆಲ್ಲ ಮೇಷ್ಟ್ರುಗಳು, ಔಷಧಿ ಅಂಗಡಿಯವರು, ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ಗೆದ್ದರೆ ಒಂದು ಬಹುಮಾನದ ಕಪ್, ಸೋತರೂ ಊಟ. ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ ತಿಮ್ಮೇಶ ಮೂರು ವರ್ಷದ ಹಿಂದೆ ತಾಲ್ಲೂಕಿನ ಬಳಗ ಸೇರಿದಾಗ ಅವನ ಹೆಂಡತಿ ಯಶೋಧ ಬಲು ಹಿಗ್ಗಿದ್ದಳು. ಸುಟ್ಟ ತಂತಿಯ ವಾಸನೆ ಬಿಟ್ಟು ಬೇರೆ ಏನಾದರೂ ಒಂದಕ್ಕೆ ಈ ಮನುಷ್ಯ ಮನಸ್ಸು ಕೊಟ್ಟನಲ್ಲ ಎಂದು. ನಾಗಮಂಗಲದ ಬಳಗದ ಒಂದು ಫೋಟೋ ಯಾರದೋ ಮೊಬೈಲಿನಲ್ಲಿ ಕಣ್ಣಿಗೆ ಬಿದ್ದದ್ದು, ಅದರಲ್ಲಿ ಎರಡನೇ ಸಾಲಿನಲ್ಲಿ ಈ ಮುಖವನ್ನು ಗುರುತಿಸಿದ್ದು, ಅದಾದ ವಾರಕ್ಕೇ ಬಳಗಕ್ಕೆ ಸೇರಿದ್ದು, ಇದನ್ನೆಲ್ಲ ಅವಳಿಗೆ ಅವನು ಹೇಳಿರಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನ ಅಂಗಡಿಯಲ್ಲಿ ಕೂತು, ತಾಮ್ರದ ತಂತಿಯ ಉಂಡೆಗಳ ನಡುವೆ ಚೆಸ್ ಹಲಗೆ ಹರಡಿ, ಎದುರಿಗೆ ಮನಸ್ಸಿನಲ್ಲೇ ಆ ದಪ್ಪ ಕುತ್ತಿಗೆಯನ್ನು ಕೂರಿಸಿಕೊಂಡು ಅವನು ಆಡುತ್ತಿದ್ದ. ಎರಡು ವರ್ಷ ಪಂದ್ಯಕ್ಕೆ ಬಂದರೂ ಇಬ್ಬರಿಗೂ ಜೋಡಿ ಬಿದ್ದಿರಲಿಲ್ಲ. ಈಗ ಕೈ ತೊಳೆದು ಬಂದು ಗೋಡೆಗೆ ಅಂಟಿಸಿದ ಕೊನೆಯ ಸುತ್ತಿನ ಪಟ್ಟಿ ನೋಡಿದರೆ ನಾಲ್ಕನೇ ಹಲಗೆಯಲ್ಲಿ ಎರಡು ಹೆಸರೂ ಒಂದೇ ಗೆರೆಯ ಮೇಲಿದ್ದವು. ಬೆರಳಿಟ್ಟು ಎರಡು ಸಲ ಓದಿದ. ಎದೆ ಹೊಡೆದುಕೊಂಡದ್ದು ಹೆದರಿಕೆಯಿಂದಲ್ಲ. ಸಂತೋಷವೆಂದರೆ ಹೀಗೂ ಇರುತ್ತದೆಯೇ ಎಂದು ಅವನಿಗೇ ಆಶ್ಚರ್ಯವಾಯಿತು.

ಬಿಳಿ ಕಾಯಿ ತಿಮ್ಮೇಶನದು. ಕುರ್ಚಿ ಎಳೆದುಕೊಂಡು ಕೂತ ಲೋಕೇಶ ಕೈ ಚಾಚಿ, “ನಮಸ್ಕಾರ, ಪಾಂಡವಪುರದವ್ರಲ್ವ?” ಎಂದ. ಆ ಕೈಯನ್ನು ಹಿಡಿದ ಕೂಡಲೇ ಅದರ ಬಿಸುಪಿನಿಂದ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷದ ಹಿಂದೆ, ಅವತ್ತೂ ಭಾನುವಾರವೇ. ಕಿರಂಗೂರಿನ ಮನೆಯ ಜಗಲಿ, ಜೀಪಿನಲ್ಲಿ ಬಂದಿಳಿದ ಒಂಬತ್ತು ಜನ, ಅವರ ನಡುವೆ ಕಡ್ಡಿಯ ಹಾಗಿದ್ದ ಇಪ್ಪತ್ತಾರರ ಈ ಲೋಕೇಶ, ತಿಮ್ಮೇಶನ ತಂಗಿ ಸುಧಳನ್ನು ನೋಡಲು. ಸುಧಳ ಎಡಗಾಲು ಮಗುವಾಗಿದ್ದಾಗ ಬಂದ ಜ್ವರದಲ್ಲಿ ಸೊರಗಿತ್ತು. ನಿಂತರೆ ಗೊತ್ತಾಗುತ್ತಿರಲಿಲ್ಲ, ನಡೆದರೆ ಮಾತ್ರ. ಅದಕ್ಕೇ, ಅವರು ಬರುವ ಮುಂಚೆಯೇ ಅವಳನ್ನು ನಡುಮನೆಯ ಚಾಪೆಯ ಮೇಲೆ ಕೂರಿಸಿಬಿಡಬೇಕು, ತಟ್ಟೆ ಹಿಡಿದು ಬರುವುದೆಲ್ಲ ಬೇಡ ಎಂದು ತಿಮ್ಮೇಶನೇ ತಾಯಿ ತಿಮ್ಮಮ್ಮನಿಗೆ ಹೇಳಿದ್ದ. ಎಲ್ಲ ಸರಿಯಾಗಿಯೇ ನಡೆದಿತ್ತು. ದೊಡ್ಡವರು ಮಳೆ ಬೆಳೆ ಮಾತಾಡುವಾಗ ಅವನೂ ಲೋಕೇಶನೂ ಜಗಲಿಯ ಮೇಲೆ ಒಂದು ಆಟ ಚೆಸ್ ಆಡಿದ್ದೂ ಆಗಿತ್ತು. ಹೊರಡಲು ಎದ್ದಾಗ ಲೋಕೇಶನ ತಂದೆ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡಿದ್ದ ಆ ಮುದುಕ, ಒಳಗೆ ಬಗ್ಗಿ ನೋಡಿ, “ಮಗಾ, ಒಂದ್ ಲೋಟ ನೀರ್ ತಂದ್ಕೊಡವ್ವ” ಎಂದಿದ್ದ. ಸುಧ ಎದ್ದಳು. ಚಾಪೆಯಿಂದ ಹಂಡೆಯ ತನಕ ಆರು ಹೆಜ್ಜೆ. ಮನೆಯ ಅಷ್ಟೂ ಮಾತು ನಿಂತು ಆ ಆರು ಹೆಜ್ಜೆಯ ಸದ್ದು ಮಾತ್ರ ಉಳಿದಿತ್ತು. ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ಗಟ್ಟಿ, ಒಂದು ಮೆತ್ತಗೆ. ವಾರದ ಮೇಲೆ, ಸಂಬಂಧ ತಂದಿದ್ದ ಕುಳ್ಳಯ್ಯ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ, “ಕಾಲ್ ಸರಿ ಇಲ್ಲ ಅಂದ್ಬುಟ್ರು ಕಣಪ್ಪ” ಎಂದಾಗ, ಅಪ್ಪ ಚಿಕ್ಕಸಿದ್ದಯ್ಯ ಕೈಯಲ್ಲಿದ್ದ ಟೀ ಕುಡಿಯದೆ ಕೆಳಗಿಟ್ಟು, ಚಪ್ಪಲಿಯನ್ನೂ ಮರೆತು ಮನೆಗೆ ನಡೆದು ಬಂದಿದ್ದ.

“ಗಡಿಯಾರ ಒತ್ತಿಲ್ಲ ನೀವು” ಎಂದ ಲೋಕೇಶ ಮೆಲ್ಲಗೆ. ತಿಮ್ಮೇಶ ಒತ್ತಿದ. ಉಪಕಾರ ಮಾಡುತ್ತಾನೆ, ಎಲ್ಲದಕ್ಕೂ ಉಪಕಾರ ಮಾಡುತ್ತಾನೆ. ಹದಿನೈದು ನಡೆಯವರೆಗೂ ಆಟ ಸಮವಾಗಿಯೇ ಇತ್ತು. ಲೋಕೇಶ ದಸ್ತಾವೇಜು ಬರೆಯುವ ಹಾಗೆ ಆಡುತ್ತಿದ್ದ. ಅವಸರವಿಲ್ಲ, ಅಳಿಸಿ ಬರೆಯುವುದಿಲ್ಲ, ಪ್ರತಿ ನಡೆಯನ್ನೂ ದುಂಡಗೆ ಹಾಳೆಯ ಮೇಲೆ ಗುರುತು ಹಾಕುತ್ತಿದ್ದ. ಮೂರು ವರ್ಷ ಕಲಿತದ್ದೆಲ್ಲ ಈ ದುಂಡು ಅಕ್ಷರದ ಮುಂದೆ ಸಪ್ಪೆಯಾಗುತ್ತಿದೆ, ಇವನೇನಾದರೂ ಗೆದ್ದುಬಿಟ್ಟರೆ ಎಂಬ ಭಯ ಮೊದಲ ಸಲ ತಿಮ್ಮೇಶನಿಗೆ ಬಂತು. ಆಗಲೇ ಅದು ನಡೆದದ್ದು. ಹಲಗೆಯ ಮೇಲೆ ಕೊಂಚ ಪಕ್ಕಕ್ಕೆ ಸರಿದು ಎರಡು ಮನೆಯ ಗೆರೆಯ ಮೇಲೆ ನಿಂತಿದ್ದ ತನ್ನ ಮಂತ್ರಿಯನ್ನು ಲೋಕೇಶ, ತನ್ನ ಸರದಿ ಬಂದಾಗ, ತೋರುಬೆರಳಲ್ಲಿ ತಳ್ಳಿ ನೆಟ್ಟಗೆ ನಿಲ್ಲಿಸಿದ. ಬರೀ ನೆಟ್ಟಗೆ ನಿಲ್ಲಿಸಿದ. ಅದು ತಿಮ್ಮೇಶನಿಗೂ ಕಂಡಿತು. ಆ ಮಂತ್ರಿ ಆ ಮನೆ ಬಿಟ್ಟರೆ ಅದರ ಹಿಂದಿದ್ದ ಆನೆಗೆ ಕಾವಲಿರುವುದಿಲ್ಲ ಎಂಬುದೂ ಅದೇ ಗಳಿಗೆಯಲ್ಲಿ ಕಂಡಿತು. ಅವನು ಗಡಿಯಾರ ನಿಲ್ಲಿಸಿ ಕೈಯೆತ್ತಿದ.

ತೀರ್ಪುಗಾರ ನಾಗರಾಜು ಕೆ.ಆರ್. ಪೇಟೆಯ ನಿವೃತ್ತ ಮೇಷ್ಟ್ರು. ಹತ್ತಿರ ಬಂದು ಬಗ್ಗಿ, “ಏನ್ರಪ್ಪ?” ಎಂದರು.

“ಮಂತ್ರಿ ಮುಟ್ಟುದ್ರು. ಮುಟ್ಟಿದ ಕಾಯೇ ಆಡ್ಬೇಕು.”

“ಮುಟ್ಟುದ್ರಾ ಲೋಕೇಶ್?”

“ಮುಟ್ಟಿದೆ ಸಾರ್. ಸರಿಯಾಗಿ ನಿಲ್ಸಕ್ಕೆ.”

“ಸರಿ ಮಾಡ್ತೀನಿ ಅಂತ ಮೊದ್ಲೇ ಹೇಳ್ಬೇಕಿತ್ತಲ್ಲ. ಹೇಳುದ್ರಾ?”

“ಇಲ್ಲ ಸಾರ್. ಹೇಳ್ಲಿಲ್ಲ.”

ನಾಗರಾಜು ತಿಮ್ಮೇಶನ ಮುಖ ನೋಡಿದರು. “ಏನ್ಮಾಡೋಣ? ನೀವ್ ಬುಟ್ರೆ ಬುಟ್ಟಂಗೆ.”

“ನಿಯಮ ಏನೈತೋ ಅದ್ನ ಮಾಡಿ ಸಾರ್” ಎಂದ ತಿಮ್ಮೇಶ. ತನ್ನ ದನಿ ತೆಳ್ಳಗೆ, ಹೆಂಗಸರ ಜಗಳದ ದನಿಯ ಹಾಗೆ ಹೊರಟದ್ದು ಅವನಿಗೆ ಕೇಳಿಸಿತು. ಪಕ್ಕದ ಹಲಗೆಯವರು ತಿರುಗಿ ನೋಡಿದರು. ಲೋಕೇಶ ಮಂತ್ರಿಯನ್ನು ಎತ್ತಿ ಬೇರೆ ಮನೆಗಿಟ್ಟ. ಹಾಳೆಯ ಮೇಲೆ ಅದನ್ನೂ ದುಂಡಗೆ ಬರೆದ.

ಆನೆ ಹೋಯಿತು. ಆನೆಯ ಹಿಂದೆ ಒಂಟೆ, ಆಮೇಲೆ ಮಂತ್ರಿಗೆ ಮಂತ್ರಿ ಬದಲು. ಯಾರಾದರೂ ಅಲ್ಲಿಗೆ ಸೋಲೊಪ್ಪಿ ಕೈಕೊಟ್ಟು ಏಳುತ್ತಿದ್ದರು. ಲೋಕೇಶ ಏಳಲಿಲ್ಲ. ಮೊದಲು ತಿಮ್ಮೇಶನಿಗೆ ಸಿಟ್ಟು ಬಂತು. ಇಷ್ಟಾದರೂ ಇವನ ಕೊಬ್ಬು ನೋಡು. ಆಮೇಲೆ, ಏಳದಿರುವುದೇ ಒಳ್ಳೆಯದಾಯಿತು ಅನ್ನಿಸಿತು. ಬೇಗ ಮುಗಿಯುವುದು ಅವನಿಗೂ ಬೇಡವಾಗಿತ್ತು. ತನ್ನ ಒಂದು ಕಾಲಾಳನ್ನು ಆಚೆ ತುದಿಗೆ ನಡೆಸಿ ಮಂತ್ರಿ ಮಾಡಿಕೊಂಡ. ಎರಡು ನಡೆಯಲ್ಲಿ ರಾಜನನ್ನು ಕಟ್ಟಿಹಾಕಬಹುದಾಗಿತ್ತು, ಅದು ಸ್ಪಷ್ಟವಾಗಿ ಕಾಣುತ್ತಿತ್ತು, ಕಂಡೂ ಮಾಡಲಿಲ್ಲ. ಉಳಿದಿದ್ದ ಕುದುರೆಯನ್ನು ಹೊಡೆದ. ಕಾಲಾಳುಗಳನ್ನು ಒಂದೊಂದಾಗಿ ಹೊಡೆದು ಹಲಗೆಯ ಪಕ್ಕ ಸಾಲಾಗಿ ಜೋಡಿಸಿದ. ಇನ್ನೊಂದು ಕಾಲಾಳು ಆಚೆ ತುದಿ ಮುಟ್ಟಿದಾಗ, “ಇನ್ನೊಂದ್ ಮಂತ್ರಿ ಬೇಕು” ಎಂದು ಗಟ್ಟಿಯಾಗಿ ಹೇಳಿದ, ಎಲ್ಲರಿಗೂ ಕೇಳುವ ಹಾಗೆ. ನಾಗರಾಜು ಬೇರೆ ಹಲಗೆಯಿಂದ ಒಂದು ತಂದುಕೊಟ್ಟರು. ಆಟ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಇದು, ಇದೇ ಬೇಕಾಗಿದ್ದದ್ದು. ಜನ ನಿಂತಿರಬೇಕು, ಮಾತು ನಿಂತಿರಬೇಕು. ಒಂದು ಮಂತ್ರಿಯಿಂದ ರಾಜನಿಗೆ ಗುರಿಯಿಟ್ಟು ಶಾ ಎಂದ, ಲೋಕೇಶನ ರಾಜ ಒಂದು ಮನೆ ಸರಿಯಿತು. ಇನ್ನೊಂದರಿಂದ ಶಾ ಎಂದ, ಇನ್ನೊಂದು ಮನೆ. ನಡಿ, ಎಂದುಕೊಂಡ ತಿಮ್ಮೇಶ. ಎಲ್ಲರೂ ನೋಡಲಿ, ನಡಿ. ಒಂದು, ಎರಡು, ಮೂರು. ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ. ಆರನೆಯ ಹೆಜ್ಜೆಗೆ ರಾಜ ಮೂಲೆ ಸೇರಿತು. ಲೋಕೇಶನ ಹಣೆಯ ಮೇಲೆ ಬೆವರಿತ್ತು, ಕತ್ತಿನ ಹಿಂದೆ ಕೆಂಪಾಗಿತ್ತು. ಆ ಕೆಂಪನ್ನು ನೋಡುತ್ತ ತಿಮ್ಮೇಶನ ಬಾಯಲ್ಲಿ ನೀರೂರಿತು, ಹಸಿದವನಿಗೆ ಊರುವ ಹಾಗೆ.

ಹಲಗೆಯ ಮೇಲೆ ಲೋಕೇಶನಿಗೆ ಉಳಿದಿದ್ದದ್ದು ಮೂಲೆಯಲ್ಲಿ ಆ ರಾಜ, ದೂರದಲ್ಲಿ ಒಂದೇ ಒಂದು ಕಾಲಾಳು. ಅದೂ ಇರಬಾರದು ಅನ್ನಿಸಿತು. ಬೋಳಾಗಬೇಕು, ಪೂರ್ತಿ ಬೋಳಾಗಿ ನಿಲ್ಲಬೇಕು, ಆಮೇಲೆ ಕೊಲ್ಲೋಣ. ಕೈ ಹೋಯಿತು, ಎರಡನೇ ಮಂತ್ರಿಯಿಂದ ಆ ಕಾಲಾಳನ್ನು ಎತ್ತಿ ಸಾಲಿನಲ್ಲಿ ನಿಲ್ಲಿಸಿತು, ಗಡಿಯಾರ ಒತ್ತಿತು. ಕಾಯನ್ನು ಬಿಡುವ ಮುಂಚೆ, ಬೆರಳು ಇನ್ನೂ ಅದರ ತಲೆಯ ಮೇಲಿದ್ದಾಗ, ಏನೋ ಒಂದು ತಪ್ಪಿದೆ ಎಂದು ಬೆನ್ನಿನಲ್ಲಿ ತಣ್ಣಗೆ ಹರಿದದ್ದು ನಿಜ. ಬೆರಳು ತೆಗೆದದ್ದೂ ನಿಜ. ಹಾಗಾದರೆ ಗೊತ್ತಿದ್ದೇ ತೆಗೆದೆನೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡ.

ಲೋಕೇಶ ತುಂಬಾ ಹೊತ್ತು ಹಲಗೆ ನೋಡಿದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, “ಆಡಕ್ಕೆ ನಂಗೇನೂ ಉಳ್ದಿಲ್ಲ ಸಾರ್” ಎಂದ.

“ಸೋತ್ರಾ?” ಎಂದರು ನಾಗರಾಜು.

“ನೋಡಿ ನೀವೇ.”

ನಾಗರಾಜು ಬಗ್ಗಿ ನೋಡಿ, ನಾಲಿಗೆಯಿಂದ ಲೊಚಗುಟ್ಟಿದರು. ರಾಜನಿಗೆ ಶಾ ಇಲ್ಲ. ಆದರೆ ಅವನು ಕಾಲಿಡಬಹುದಾದ ಮೂರು ಮನೆಯನ್ನೂ ಮೊದಲನೇ ಮಂತ್ರಿ ಕಾಯುತ್ತಿದೆ. ಅಲುಗಾಡಬಹುದಾಗಿದ್ದ ಒಂದೇ ಒಂದು ಕಾಲಾಳನ್ನು ತಿಮ್ಮೇಶ ಈಗ ತಾನೇ ತೆಗೆದಿದ್ದಾನೆ. ಏಟು ಬೀಳದೆ, ನಡೆಯಲೂ ಆಗದೆ ನಿಂತ ರಾಜ ಸೋತ ರಾಜನಲ್ಲ. “ಸ್ಟೇಲ್‌ಮೇಟು. ಡ್ರಾ” ಎಂದರು ನಾಗರಾಜು. “ಎರಡೆರಡ್ ಮಂತ್ರಿ ಇಟ್ಕಂಡು ಡ್ರಾ ಮಾಡ್ಕಂಡ್ರಲ್ರೀ. ಅರ್ಧ ಅರ್ಧ.” ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಒಬ್ಬರಿಂದ ಒಬ್ಬರಿಗೆ ಹತ್ತಿ, ಕೊನೆಗೆ ಪಾಂಡವಪುರದವರೂ ನಕ್ಕರು. “ಅತಿ ಆಸೆ ಪಟ್ಬುಟ್ಟ ಕಣ್ಲಾ ನಮ್ ತಿಮ್ಮೇಶ” ಎಂದ ಅವನದೇ ಬಳಗದವನೊಬ್ಬ. ಸಹಿ ಹಾಕಲು ಹಾಳೆ ಮುಂದೆ ಬಂದಾಗ ತಿಮ್ಮೇಶ ಜೇಬು ತಡವಿದ. ಲೋಕೇಶ ತನ್ನ ಎರಡನೇ ಪೆನ್ನನ್ನು ಚಾಚಿದ.

ಊಟದ ಹಾಲಿನ ಹಿಂದಿನ ನಲ್ಲಿಗಳ ಹತ್ತಿರ ತಿಮ್ಮೇಶ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಲೋಕೇಶ ಬಂದು ಪಕ್ಕದ ನಲ್ಲಿ ತಿರುಗಿಸಿದ. ತೊಳೆಯಬೇಕಾದದ್ದೇನೂ ಇಲ್ಲದೆ ಬರೀ ನೀರಿನ ಕೆಳಗೆ ಕೈ ಹಿಡಿದು ನಿಂತು, “ತಿಮ್ಮೇಶಣ್ಣ, ತಂಗಿ ಚೆಂದಾಗವ್ರಾ?” ಎಂದ.

ನೀರು ಕಣ್ಣಿಗಿಳಿಯಿತು. “ನಾನ್ಯಾರು ಅಂತ ಗೊತ್ತಿತ್ತಾ ನಿಂಗೆ?”

“ಮೊದ್ಲನೇ ವರ್ಸವೇ ಗೊತ್ತಾಯ್ತು. ಪಟ್ಟಿ ಮುಂದೆ ನಿಂತ್ಕಂಡು ನನ್ನೆಸ್ರು ಹುಡುಕ್ತಿದ್ರಿ.”

“ಗೊತ್ತಿದ್ದೂ ಹಪ್ಪಳ ಹಾಕುಸ್ತೀಯ?” ಎಂದ ತಿಮ್ಮೇಶ. ಇಪ್ಪತ್ತು ವರ್ಷ ಕೂಡಿಟ್ಟ ಮಾತುಗಳಲ್ಲಿ ಮೊದಲು ಹೊರಬಿದ್ದದ್ದು ಇದೇ ಆಯಿತಲ್ಲ ಎಂದು ನಾಚಿಕೆಯಾಗಿ, ದನಿ ಏರಿಸಿದ. “ಹೆಣ್ಮಗೂನ ಎಲ್ಲರ್ ಎದುರ್ಗೆ ಎಬ್ಸಿ ನಡ್ಸುದ್ರಲ್ಲ. ಸಂತೇಲಿ ದನ ನಡ್ಸಿ ನೋಡ್ದಂಗೆ.”

“ನಡ್ಸಿದ್ದು ನಮ್ಮಪ್ಪ. ಅವ್ರಿಲ್ಲ ಈಗ. ಇಲ್ದೋರ್ ಮೇಲೆ ಹಾಕಿ ತಪ್ಪುಸ್ಕತಾ ಇಲ್ಲ ನಾನು. ಜೀಪ್ನಲ್ಲಿ ನನ್ನ ಕೇಳುದ್ರು. ಕಾಲು ಒಂಚೂರು ಅಂಗೈತೆ, ನಿಂಗೇನನ್ನಿಸ್ತದೆ ಅಂತ. ನಂಗೆ ಅವ್ರು ಒಪ್ಗೆ ಆಗಿದ್ರು ತಿಮ್ಮೇಶಣ್ಣ.” ಲೋಕೇಶ ನಲ್ಲಿ ನಿಲ್ಲಿಸಿದ. “ಆದ್ರೆ ಜೀಪ್ನಲ್ಲಿ ನಮ್ ಚಿಕ್ಕಪ್ಪ ನಗಾಡ್ತಿದ್ರು. ಭಾವಮೈದ ಆಗೋನು ಜಗಲಿ ಮೇಲೇ ಮಣ್ಣು ಮುಕ್ಕುಸ್ಬುಟ್ಟ ಅಂತ. ಅವತ್ತು ನೀವು ಗೆದ್ಮೇಲೆ ನಂಗೆ ಏನಂದ್ರಿ, ಗ್ಯಾನ ಐತಾ?”

“ಇಲ್ಲ” ಎಂದ ತಿಮ್ಮೇಶ. ಸುಳ್ಳು.

“ಬೇಕಾದ್ರೆ ನಡೆ ವಾಪಸ್ ತಕಳಿ, ನಮ್ಮನೇಲಿ ಹೆಂಗಸ್ರು ಆಡಿದ್ರೆ ಅಂಗೇ ಬುಡೋದು, ಅಂದ್ರಿ. ದೊಡ್ಡೋರೆಲ್ಲ ಇದ್ರು. ಎಲ್ಲಾ ನಕ್ಕುದ್ರು. ಅದೇ ಉರೀಲಿ ಜೀಪ್ನಲ್ಲಿ ಕೂತಿದ್ದೆ. ಅಪ್ಪ ಕೇಳ್ದಾಗ, ನೀವ್ ಹೇಳ್ದಂಗೆ ಅಂದೆ. ಅಷ್ಟೇ ಅಂದಿದ್ದು. ಕಾಲಿನ್ ಮಾತು ಅಪ್ಪನ್ದು, ಸುಮ್ಕಿದ್ದಿದ್ದು ನಂದು. ನಿಮ್ಗೆ ಉರೀಲಿ ಅಂತ ಸುಮ್ಕಿದ್ದೆ. ನಿಮ್ ತಂಗಿ ಗ್ಯಾನವೇ ಬರ್ಲಿಲ್ಲ ನಂಗಾಗ.”

ತಿಮ್ಮೇಶನ ಒದ್ದೆ ಕೈ ಮುಷ್ಟಿಯಾಗಿತ್ತು. ಇವನ ಮೂತಿಗೆ ಒಂದು ಇಕ್ಕಿದರೆ ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಲೋಕೇಶ ಕರವಸ್ತ್ರದಲ್ಲಿ ಬೆರಳು ಒಂದೊಂದನ್ನೇ ಒರೆಸಿಕೊಳ್ಳುತ್ತಿದ್ದ. “ಮಂತ್ರಿ ಮುಟ್ಟಿದ್ದುಕ್ ನೀವ್ ಕೈ ಎತ್ದಾಗ, ನಿಜ ಹೇಳ್ಬೇಕು ಅಂದ್ರೆ, ನಂಗೆ ಸಮಾಧಾನ ಆಯ್ತು. ಆಗ್ಲೇ ಎದ್ದೋಗ್ಬೋದಿತ್ತು. ಎಷ್ಟ್ ಹೊಡೀಬೇಕು ಅಂತಾವ್ರೋ ಅಷ್ಟೂ ಹೊಡ್ಕಳ್ಳಿ ಅಂತ ಕೂತ್ಕಂಡೆ.”

“ನಿಮ್ಮನೇಗ್ ಕೊಟ್ಟಿದ್ರೆ ನನ್ ತಂಗಿ ಬಾವಿ ನೋಡ್ಕಬೇಕಾಗಿತ್ತು” ಎಂದ ತಿಮ್ಮೇಶ.

“ಇರ್ಬೋದು” ಎಂದ ಲೋಕೇಶ.

ಬಹುಮಾನಕ್ಕೆ ಕಾಯದೆ ತಿಮ್ಮೇಶ ಬೈಕು ಹತ್ತಿದ. ಕೊಬ್ಬರಿ ಮಿಠಾಯಿ ಮಾರುವವರನ್ನೂ ಪ್ರವಾಸಿಗರ ವ್ಯಾನುಗಳನ್ನೂ ದಾಟಿ, ಕಿರಂಗೂರಿನ ಕಡೆಗೆ ಬಂದ. ಹುಟ್ಟಿದ ಊರು ಎಡಕ್ಕೆ ಬಂದಾಗ ಕತ್ತು ತಿರುಗಿಸಲಿಲ್ಲ. ತನ್ನ ಏಟನ್ನೂ ಲೋಕೇಶನೇ ಕೈಯೊಡ್ಡಿ ಈಸಿಕೊಂಡನಲ್ಲ. ಏಟು ತಿಂದವನಿಗೆ ಸಮಾಧಾನವಂತೆ. ಹಾಗಾದರೆ ಹೊಡೆದವನಿಗೆ ಏನು ಉಳಿಯಿತು. ಮುಂದಿನ ವರ್ಷ ಬರಲಿ, ಎಂದುಕೊಂಡ. ಬಾಯಿ ಬಿಡದೆ, ಇಪ್ಪತ್ತು ನಡೆಯೊಳಗೆ ಕತ್ತು ಹಿಸುಕುತ್ತೇನೆ. ಆ ಕತ್ತಿನ ಕೆಂಪನ್ನು ನೆನೆದರೂ ಈಗ ಬಾಯಲ್ಲಿ ನೀರೂರಲಿಲ್ಲ. ಕಬ್ಬು ಹೇರಿಕೊಂಡ ಟ್ರಾಕ್ಟರೊಂದು ದಾರಿ ಬಿಡದೆ ಮುಂದೆ ಹೋಗುತ್ತಿತ್ತು. ಹಾರನ್ ಹೊಡೆದು ಹೊಡೆದು ಸಾಕಾಗಿ, ಅದರ ಹಿಂದೆಯೇ ಮೆಲ್ಲಗೆ ಹೋಗುವಾಗ ಜಗಲಿಯ ಮೇಲಿನ ತನ್ನ ನಗು ಕೇಳಿಸಿತು. ಅದು ಬಲು ಚೆನ್ನಾಗಿತ್ತು. ಅಷ್ಟು ತುಂಬು ನಗೆಯನ್ನು ಅವನು ಅದಾದ ಮೇಲೆ ನಕ್ಕೇ ಇರಲಿಲ್ಲ. ಅಪ್ಪ ಚಪ್ಪಲಿ ಮರೆತು ಬಂದ ದಿನದಿಂದ ಆ ನಗುವನ್ನು ನೆಲದಲ್ಲಿ ಹೂತು, ಮೇಲೆ ಲೋಕೇಶನನ್ನು ಕೂರಿಸಿದ್ದ. ಪಾಂಡವಪುರ ಬಂತು. ಅಂಗಡಿಯ ಮುಂದೆಯೇ ಹೋದ, ಮನೆಯ ಕಡೆ ತಿರುಗಲಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿರುವ ಸುಧಳಿಗೆ ಇವತ್ತೇ, ಈಗಲೇ ಹೇಳಿಬಿಡಬೇಕು. ಏನನ್ನು ಹೇಳಬೇಕು, ಲೋಕೇಶನನ್ನು ಆರು ಹೆಜ್ಜೆ ನಡೆಸಿದೆ ಎಂದೋ, ಅವತ್ತು ನಿನ್ನ ಸಂಬಂಧ ತಪ್ಪಿಸಿದವನು ನಾನೇ ಎಂದೋ, ಹೇಮಾವತಿಯ ಸೇತುವೆ ಬರುವ ತನಕವೂ ತೀರ್ಮಾನವಾಗಲಿಲ್ಲ. ಅವಳು ಅಳುತ್ತಾಳೆ ಎಂಬುದೊಂದು ಮಾತ್ರ ನಿಶ್ಚಯವಿತ್ತು. ಅವಳು ಅಳಬೇಕು ಎಂದು ತನಗೆ ಆಸೆಯಾಗುತ್ತಿದೆ ಎಂಬುದು ಹೊಳೆದಾಗ ಬೈಕು ಒಂದು ಗುಂಡಿಗೆ ಇಳಿದು ಹತ್ತಿತು. ನಿಜವೇ, ಅವಳು ಚೆನ್ನಾಗಿದ್ದಾಳೆ ಎಂಬುದನ್ನು ಅವನಿಂದ ಎಂದೂ ಸಹಿಸಲಾಗಿರಲಿಲ್ಲ. ಆ ಸಂಬಂಧ ತಪ್ಪಿ ಎರಡು ವರ್ಷದ ಮೇಲೆ ಕುಮಾರ್ ಎಂಬ ಒಳ್ಳೆಯ ಗಂಡ ಸಿಕ್ಕಿದ್ದ, ಪ್ರಿಯಾಂಕ ಎಂಬ ಮಗಳು ಕಾಲೇಜು ಓದುತ್ತಿದ್ದಳು, ಊರಿನ ಹೆಂಗಸರ ಹಾಲಿನ ಡೈರಿಗೆ ಸುಧಳೇ ಕಾರ್ಯದರ್ಶಿ. ಪ್ರತಿ ಸಲ ಹೋದಾಗಲೂ ಅವನು ಅವಳ ಸಂತೋಷದ ಕೆಳಗೆ ಎಲ್ಲಿ ಏನು ಮುರಿದಿದೆ ಎಂದು ಹುಡುಕುತ್ತಿದ್ದ, ಸಿಕ್ಕದೆ ಸೋತು ಬರುತ್ತಿದ್ದ.

ಡೈರಿಗೆ ಬಂದಾಗ ಸಂಜೆಯ ಹಾಲು ಅಳೆಯುವ ಹೊತ್ತು. ಸ್ಟೀಲಿನ ಕ್ಯಾನು ಹಿಡಿದ ಹೆಂಗಸರು ಬಾಗಿಲಿನ ತನಕ ಸಾಲು ನಿಂತಿದ್ದರು. ಒಳಗೆ ಸುಧ ಪ್ರತಿ ಕ್ಯಾನಿನಿಂದಲೂ ಒಂದಿಷ್ಟು ಹಾಲು ತೆಗೆದು ಕೊಬ್ಬು ಅಳೆಯುವ ಮಿಷನ್ನಿಗೆ ಹಿಡಿದು, ಕೆಂಪಾಗಿ ಮೂಡುವ ಅಂಕಿಯನ್ನು ಕೂಗಿ ಹೇಳುತ್ತಿದ್ದಳು. ಅಣ್ಣನನ್ನು ಕಂಡು ಕೈ ನಿಲ್ಲಿಸಲಿಲ್ಲ. “ಕೂತ್ಕೊ ಅಣ್ಣ, ಇನ್ನ ಎಂಟ್ ಜನ ಅವ್ರೆ” ಎಂದಳು. “ಸುಧಮ್ಮನ ಅಣ್ಣಯ್ಯ ಹಾಲೇ ಇಲ್ದೆ ಸಾಲಿಗ್ ಬಂದವ್ರಲ್ಲ” ಎಂದು ಮುಂದೆ ನಿಂತಿದ್ದ ಪುಟ್ಟಗೌರಮ್ಮ ಎಂಬ ಮುದುಕಿ ನಗಿಸಿದಳು. ತಿಮ್ಮೇಶ ಸಿಮೆಂಟಿನ ಕಟ್ಟೆಯ ಮೇಲೆ ಕೂತ. ಸುಧ ಮಿಷನ್ನಿನಿಂದ ದೊಡ್ಡ ಕ್ಯಾನಿಗೆ, ಅಲ್ಲಿಂದ ಕಿಟಕಿಗೆ ಓಡಾಡುತ್ತಿದ್ದಳು. ಒಂದು ಗಟ್ಟಿ, ಒಂದು ಮೆತ್ತಗೆ. ಯಾರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ, ಅವಳು ಬಿಸಿನೀರಿನಲ್ಲಿ ಅಳತೆಯ ಪಾತ್ರೆ ತೊಳೆಯುತ್ತಿದ್ದಾಗ, ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಮೂರು ವರ್ಷದ ಮಾತು, ಮಂತ್ರಿ ಮುಟ್ಟಿದ್ದು, ಆರು ಹೆಜ್ಜೆ, ಡ್ರಾ, ನಲ್ಲಿಯ ಹತ್ತಿರದ ಮಾತು. ಕೊನೆಗೆ ಜಗಲಿಯ ನಗುವನ್ನೂ. ಅವಳು ಅಳಲಿಲ್ಲ.

“ಅತ್ಗೆ ಫೋನ್ ಮಾಡಿ ಎಷ್ಟ್ ಖುಷಿ ಪಟ್ಟಿದ್ರು, ನೀನು ಚೆಸ್ಸಿಗ್ ಸೇರ್ದಾಗ” ಎಂದಳು. “ಇದ್ಕಾ ಸೇರಿದ್ದು?”

“ನಿಂಗೋಸ್ಕರ ಕಣವ್ವ.”

“ನನ್ನ ಕೇಳಿದ್ಯಾ?”

ಅವನು ಬಾಗಿಲ ಬಳಿಯ ಖಾಲಿ ಕ್ಯಾನೊಂದನ್ನು ಪಕ್ಕಕ್ಕೆ ಸರಿಸಿದ.

“ಅವ್ನ್ ಸೋತಿದ್ರೆ ನಂಗೇನ್ ಆಗ್ತಿತ್ತು ಹೇಳು. ನೀನು ಮನೇಗ್ ಬಂದೋರ್ಗೆಲ್ಲಾ ಹೇಳ್ಕಂಡ್ ಓಡಾಡ್ತಿದ್ದೆ, ನನ್ ತಂಗೀನ ಕುಂಟಿ ಅಂದೋನ್ಗೆ ಬುದ್ಧಿ ಕಲ್ಸ್ದೆ ಅಂತ. ಮರ್ತಿರೋರ್ಗೂ ಗ್ಯಾನ ಬರೋದು.” ಪಾತ್ರೆಯನ್ನು ಬೋರಲು ಹಾಕಿದಳು. “ಎದ್ ನಡಿ ಅಂದಿದ್ದು ಅವ್ರಪ್ಪ. ಕೂತೇ ಇರು, ಏಳ್ಬೇಡ ಅಂದಿದ್ದು ಯಾರಣ್ಣ?”

“ನಿನ್ ಒಳ್ಳೇದುಕ್ಕೆ...”

“ನಡ್ದಿದ್ದುಕ್ಕೆ ನಂಗೆ ನಾಚ್ಕೆ ಆಗ್ಲಿಲ್ಲ. ಊರ್ ತುಂಬಾ ನಡ್ಕಂಡೇ ಇದ್ದೆ ಅಲ್ವಾ ನಾನು. ಕಳ್ಳಮಾಲು ಬಚ್ಚಿಟ್ಟಂಗೆ ಕೂರ್ಸುದ್ರಲ್ಲ, ಅದ್ಕೆ ನಾಚ್ಕೆ ಆಯ್ತು. ಇಪ್ಪತ್ ವರ್ಸ ಆಯ್ತು, ಈ ಮಾತ್ ನಿಂಗ್ ಹೇಳ್ಬೇಕು ಅಂತ. ಬಂದಾಗೆಲ್ಲ ನಿನ್ ಮುಖ ನೋಡಿ ಸುಮ್ಕಾಗ್ತಿದ್ದೆ. ಇವತ್ತು ಸುಮ್ಕಿರಲ್ಲ.” ಅವಳ ದನಿ ಏರಲಿಲ್ಲ. ಅಂಕಿ ಹೇಳುವ ದನಿಯಲ್ಲೇ ಹೇಳುತ್ತಿದ್ದಳು, ಒಂದೊಂದನ್ನೂ ತಪ್ಪಿಲ್ಲದೆ. “ಬಾಗ್ಲಿಗ್ ಬಂದೇಟ್ಗೆ ನೀನ್ ಮೊದ್ಲು ಕೆಳಕ್, ನನ್ ಕಾಲ್ನ ನೋಡ್ತೀಯ. ಆಮೇಲೆ, ಚೆಂದಾಗಿದ್ದೀಯಾ ಅಂತೀಯ. ನೋಡು, ಈಗ್ಲೂ ಎಲ್ಲಿ ನೋಡ್ತಿದ್ದೀಯ.”

ತಿಮ್ಮೇಶ ತಲೆಯೆತ್ತಿದ. ಎತ್ತುವುದು ಇಷ್ಟು ಕಷ್ಟವಾದೀತೆಂದು ಅವನಿಗೆ ಗೊತ್ತಿರಲಿಲ್ಲ. ದೀಪದ ಕೆಳಗೆ ಒಬ್ಬ ನಡುವಯಸ್ಸಿನ ಹೆಂಗಸು ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಗಲ್ಲ ಅಮ್ಮನ ಹಾಗೆ ಆಗಿತ್ತು, ಬಿಸಿನೀರಿನ ಹಬೆಗೆ ಕನ್ನಡಕ ಮಂಜಾಗಿತ್ತು. ಅವಳು ಅದನ್ನು ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಮೂಗಿನ ಎರಡೂ ಕಡೆ ಕಪ್ಪು ಗುರುತು ಬಿದ್ದಿತ್ತು.

“ಇದ್ಯಾವಾಗ್ ಬಂತು, ಕನ್ನಡ್ಕ?” ಎಂದ.

ಸುಧ ಅವನನ್ನೇ ನೋಡಿದಳು.

“ಏಳ್ ವರ್ಸ ಆಯ್ತು ಕಣಣ್ಣ.”